ಕರ್ಣಾಟಕ: ಒಂದು ಪ್ರಾಚೀನ ನಾಮದ ಸಂಚಾರ

ಊರಿಗೊಂದು ಹೆಸರು ಇರುವುದು ಸಹಜ. ಆದರೆ ಒಂದು ಹೆಸರಿಗೆ ಒಂದೇ ಊರು ಎಂಬ ನಿಯಮವಿಲ್ಲ. ನಮ್ಮ ಅಡೂರನ್ನೇ ನೋಡೋಣ. ಪಯಸ್ವಿನೀ ತೀರದ ಮಹಾಲಿಂಗೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಈ ಊರು ಕುಂಬಳೆ ಸೀಮೆಯ ನಾಲ್ಕು ಪ್ರಧಾನ ಕ್ಷೇತ್ರಗಳಲ್ಲಿ ಒಂದು. ಹಾವೇರಿ ಜಿಲ್ಲೆಯ ಹಾನಗಲ್ಲು ತಾಲೂಕಿನಲ್ಲಿ ಆಡೂರು ಎಂಬ ಇನ್ನೊಂದು ಗ್ರಾಮವಿದೆ. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಶಾಸನದಿಂದಾಗಿ ಅದು ಇತಿಹಾಸಜ್ಞರಿಗೆ ಪರಿಚಿತ. ಕೇರಳದ ದಕ್ಷಿಣದಲ್ಲಿ, ಪತ್ತನಂತಿಟ್ಟ ಜಿಲ್ಲೆಯಲ್ಲಿ, ಮೂರನೆಯದೊಂದು ಅಡೂರಿದೆ. ಚಲಚ್ಚಿತ್ರ ನಿರ್ದೇಶಕ ಗೋಪಾಲಕೃಷ್ಣನ್ ಅವರ ಹೆಸರಿನೊಡನೆ ಅದು ಲೋಕವಿಖ್ಯಾತವಾಗಿದೆ. ಕಾಗದದ ಮೇಲೆ ಬರಿದೇ ‘ಅಡೂರು’ ಎಂದು ಬರೆದು ಅಂಚೆಪೆಟ್ಟಿಗೆಗೆ ಹಾಕಿದರೆ ಅಂಚೆಯವನು ಏನು ಮಾಡಬೇಕು? ತಾಲೂಕು, ಜಿಲ್ಲೆಗಳನ್ನು ಕೂಡಿಸಿ ಬರೆದರೆ ಮಾತ್ರ ಕಾಗದವು ಸೇರಬೇಕಾದಲ್ಲಿ ಸೇರುತ್ತದೆ.

ಊರಿನ ಹೆಸರಿಗೆ ಜಿಲ್ಲೆ ಹೇಗೋ, ದೇಶದ ಹೆಸರಿಗೆ ಕಾಲವು ಹಾಗೆ. ಯಾವ ಶತಮಾನದಲ್ಲಿ, ಯಾರ ಬಾಯಿಂದ ಬಂದ ಮಾತು ಎಂಬುದನ್ನು ಗಮನಿಸದೆ ಪ್ರಾಚೀನ ನಾಮವೊಂದನ್ನು ಓದಿದರೆ ಅರ್ಥವು ದಾರಿ ತಪ್ಪುತ್ತದೆ. ಈ ಮಾತಿಗೆ ‘ಕರ್ಣಾಟಕ’ ಎಂಬ ನಾಮಕ್ಕಿಂತ ಒಳ್ಳೆಯ ನಿದರ್ಶನವು ಭಾರತದ ಚರಿತ್ರೆಯಲ್ಲಿ ವಿರಳ. ಅದು ಒಮ್ಮೆ ಜನಾಂಗದ ಹೆಸರು, ಒಮ್ಮೆ ಸೇನೆಯ ಹೆಸರು; ಬಂಗಾಳ ಮಿಥಿಲೆಗಳಲ್ಲಿ ರಾಜವಂಶದ ಹೆಸರು; ಹಂಪೆಯಲ್ಲಿ ಸಾಮ್ರಾಜ್ಯದ ಹೆಸರು; ಆರ್ಕಾಡಿನಲ್ಲಿ ನವಾಬಗಿರಿಯ ಹೆಸರು; ತಂಜಾವೂರಿನಲ್ಲಿ ಸಂಗೀತ ಪದ್ಧತಿಯ ಹೆಸರು; ಗೋವೆಯಲ್ಲಿ ಕೊಂಕಣಿಯ ಹೆಸರು. ಗಡಿನಾಡಿನ ಉಪಾಧ್ಯಾಯರಾದ ನಮಗೆ ಈ ವಿಚಾರವು ಕೇವಲ ಪಾಂಡಿತ್ಯದ್ದಲ್ಲ. ನಮ್ಮ ತರಗತಿಗಳಲ್ಲಿ ಕುಳಿತ ಮಕ್ಕಳು ಕೇರಳ ರಾಜ್ಯದ ಪ್ರಜೆಗಳು, ಕಲಿಯುವುದು ಕನ್ನಡದಲ್ಲಿ. ‘ಕರ್ಣಾಟಕ’ ಎಂಬ ಪದವು ಪಾಠದಲ್ಲಿ ಬಂದಾಗ ಅದು ತಮ್ಮದೋ ಪರರದೋ ಎಂಬ ಪ್ರಶ್ನೆಯು ಅವರ ಮುಖದಲ್ಲಿ ಕಾಣುತ್ತದೆ. ಅದಕ್ಕೆ ಸರಿಯಾದ ಉತ್ತರವನ್ನು ಕೊಡಬೇಕಾದವರು ನಾವು.

ಹೆಸರಿನ ಹುಟ್ಟು

ಮಹಾಭಾರತದ ಭೀಷ್ಮಪರ್ವದಲ್ಲಿ ಬರುವ ಜನಪದಗಳ ಪಟ್ಟಿಯಲ್ಲಿ ಕರ್ಣಾಟಕರ ಹೆಸರಿದೆ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ದಕ್ಷಿಣದ ದೇಶಗಳನ್ನು ಎಣಿಸುವಾಗ ಕರ್ಣಾಟವನ್ನು ಸೇರಿಸಿದ್ದಾನೆ. ತಮಿಳಿನ ಶಿಲಪ್ಪದಿಕಾರದಲ್ಲಿ ‘ಕರುನಾಡರ್’ ಎಂಬ ಜನರ ಉಲ್ಲೇಖವಿದೆ. ಸಂಸ್ಕೃತದ ‘ಕರ್ಣಾಟ’, ತಮಿಳಿನ ‘ಕರುನಾಡು’, ನಮ್ಮ ‘ಕನ್ನಡ’ ಇವು ಒಂದೇ ಮೂಲದ ಕವಲುಗಳೆಂಬುದು ಬಹುಮಂದಿ ವಿದ್ವಾಂಸರ ಮತ. ಆ ಮೂಲದ ಅರ್ಥವೇನೆಂಬಲ್ಲಿ ಮಾತ್ರ ಒಮ್ಮತವಿಲ್ಲ. ಕರಿಯ ಮಣ್ಣಿನ ನಾಡು ಎಂದು ಕೆಲವರು. ಎತ್ತರದಲ್ಲಿರುವ ನಾಡು ಎಂದು ಕೆಲವರು. ಮೊದಲನೆಯವರು ಧಾರವಾಡ ವಿಜಾಪುರಗಳ ಎರೆಭೂಮಿಯನ್ನು ತೋರಿಸಿದರೆ ಎರಡನೆಯವರು ಘಟ್ಟದ ಮೇಲಿನ ಪ್ರಸ್ಥಭೂಮಿಯನ್ನು ತೋರಿಸುತ್ತಾರೆ. ಎರಡು ಪಕ್ಷಗಳೂ ಘಟ್ಟದ ಮೇಲಣ ನೆಲವನ್ನೇ ಮೂಲವಾಗಿ ಕಾಣುತ್ತವೆ ಎಂಬುದನ್ನು ಕರಾವಳಿಯವರಾದ ನಾವು ಮನಸ್ಸಿನಲ್ಲಿಡಬೇಕು. ಇಳಿದು ಕಡಲಿನವರೆಗೆ ಬಂದುದು ಈ ಹೆಸರಿನ ಮುಂದಿನ ಸಂಚಾರ.

ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ವಿಸ್ತರಿಸಿ ಹೇಳುತ್ತದೆ; ತಿರುಳ್ಗನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸುತ್ತದೆ. ಇಂದಿನ ಹೆಸರುಗಳಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಈ ವರ್ಣನೆಯ ವಿಶೇಷವೇನೆಂದರೆ, ಅಲ್ಲಿ ನಾಡನ್ನು ಗುರುತಿಸಿರುವುದು ಅರಸನ ಆಳ್ವಿಕೆಯಿಂದಲ್ಲ, ಭಾಷೆಯಿಂದ. ಆ ಕಾಲದ ರಾಷ್ಟ್ರಕೂಟರ ರಾಜ್ಯವು ಗೋದಾವರಿಯನ್ನು ದಾಟಿ ಗುಜರಾತಿನವರೆಗೆ ಹಬ್ಬಿತ್ತು. ಆದರೂ ಆಸ್ಥಾನದ ಗ್ರಂಥವು ರಾಜ್ಯದ ಎಲ್ಲೆಯೇ ಬೇರೆ, ನುಡಿಯ ಎಲ್ಲೆಯೇ ಬೇರೆ ಎಂಬ ವಿವೇಕವನ್ನು ಬಿಡಲಿಲ್ಲ. ಸಾವಿರದ ನೂರು ವರ್ಷಗಳಿಗೂ ಹಿಂದಿನ ಈ ವಿವೇಕವು ಇಂದಿಗೂ ನಮಗೆ ಬೇಕಾಗಿದೆ.

ಸೈನ್ಯದೊಡನೆ ಉತ್ತರಾಪಥಕ್ಕೆ

8ನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟ ದಂತಿದುರ್ಗನು ಬಾದಾಮಿ ಚಾಲುಕ್ಯರನ್ನು ಸೋಲಿಸಿದನು. ರಾಷ್ಟ್ರಕೂಟರ ತಾಮ್ರಪಟಗಳು ಸೋತ ಸೈನ್ಯವನ್ನು ‘ಕರ್ಣಾಟಕ ಬಲ’ವೆಂದು ಕರೆದು, ಕಂಚಿ, ಕೇರಳ, ಚೋಳ, ಪಾಂಡ್ಯ, ಶ್ರೀಹರ್ಷರನ್ನು ಗೆದ್ದ ಬಲವೆಂದು ಹೊಗಳುತ್ತವೆ. ಶತ್ರುವನ್ನು ಹೊಗಳುವುದು ಗೆದ್ದವನ ಕೀರ್ತಿಗಾಗಿ ಎಂಬುದು ಸರಿಯೆ. ಆದರೂ ಇಲ್ಲಿ ‘ಕರ್ಣಾಟಕ’ವು ಒಂದು ಸೈನ್ಯದ ಬಿರುದಿನಂತೆ ಆಗಿದೆ.

ಈ ಬಿರುದಿಗೆ ಉತ್ತರದಲ್ಲಿ ಬೆಲೆಯಿತ್ತು. ಬಂಗಾಳದ ಪಾಲ ಅರಸರ ತಾಮ್ರಶಾಸನಗಳಲ್ಲಿ ರಾಜಸೇವಕರನ್ನು ಎಣಿಸುವಾಗ ಗೌಡ, ಮಾಲವ, ಖಸ, ಹೂಣ, ಕುಲಿಕ, ಲಾಟರ ಜತೆಗೆ ಕರ್ಣಾಟರೂ ಬರುತ್ತಾರೆ. ದುಡಿಮೆಗಾಗಿ ಹೋದ ಯೋಧರಲ್ಲಿ ಕೆಲವರು ಅಲ್ಲಿಯೇ ನೆಲೆನಿಂತರು. 11-12ನೆಯ ಶತಮಾನಗಳಲ್ಲಿ ಬಂಗಾಳದಲ್ಲಿ ತಲೆಯೆತ್ತಿದ ಸೇನವಂಶದವರು ತಮ್ಮ ಶಾಸನಗಳಲ್ಲಿ ತಾವು ಕರ್ಣಾಟದಿಂದ ಬಂದವರೆಂದು ಹೇಳಿಕೊಂಡಿದ್ದಾರೆ. ವಿಜಯಸೇನ, ಬಲ್ಲಾಳಸೇನ, ಲಕ್ಷ್ಮಣಸೇನರು ಈ ವಂಶದ ಪ್ರಸಿದ್ಧ ದೊರೆಗಳು. 1097ರಲ್ಲಿ ನಾನ್ಯದೇವನು ಮಿಥಿಲೆಯಲ್ಲಿ ರಾಜ್ಯವನ್ನು ಕಟ್ಟಿದನು. ಅವನ ವಂಶಕ್ಕೆ ಚರಿತ್ರೆಯಲ್ಲಿ ‘ಕರ್ಣಾಟ ವಂಶ’ವೆಂದೇ ಹೆಸರು. ಅವರ ರಾಜಧಾನಿಯಾದ ಸಿಮ್ರೌನಗಢದ ಅವಶೇಷಗಳು ಇಂದು ನೇಪಾಳದಲ್ಲಿ, ಬಿಹಾರದ ಗಡಿಗೆ ತಾಗಿಕೊಂಡು ಇವೆ. ನಾನ್ಯದೇವನು ಸಂಗೀತಶಾಸ್ತ್ರದಲ್ಲಿ ಗ್ರಂಥವನ್ನು ರಚಿಸಿದವನು. ಇದೇ ವಂಶದ ಹರಿಸಿಂಹದೇವನ ಆಸ್ಥಾನದಲ್ಲಿ ಜ್ಯೋತಿರೀಶ್ವರ ಠಾಕೂರನು ‘ವರ್ಣರತ್ನಾಕರ’ವನ್ನು ಬರೆದನು. ಮೈಥಿಲೀ ಭಾಷೆಯ ಅತಿ ಪ್ರಾಚೀನ ಗದ್ಯಗ್ರಂಥವೆಂದು ಅದಕ್ಕೆ ಮನ್ನಣೆ. ಕರ್ಣಾಟರೆನಿಸಿಕೊಂಡವರು ಹೋದಲ್ಲಿ ಕನ್ನಡವನ್ನು ಹೇರಲಿಲ್ಲ. ಆ ನೆಲದ ನುಡಿಗೆ ಆಶ್ರಯವನ್ನು ಕೊಟ್ಟರು. ಈ ಸಂಗತಿಯು ಗಡಿನಾಡಿನ ಮಕ್ಕಳಿಗೆ ಹೇಳಿಕೊಡಲು ಯೋಗ್ಯವಾದುದು.

ಕಾಶ್ಮೀರದಲ್ಲಿಯೂ ಈ ಹೆಸರು ಕೇಳಿಸುತ್ತದೆ. 12ನೆಯ ಶತಮಾನದ ಕಲ್ಹಣನು ತನ್ನ ರಾಜತರಂಗಿಣಿಯಲ್ಲಿ, ಕಾಶ್ಮೀರದ ಹರ್ಷರಾಜನು ದಾಕ್ಷಿಣಾತ್ಯರ ಉಡಿಗೆತೊಡಿಗೆಗಳನ್ನು ಮೆಚ್ಚಿ ಕರ್ಣಾಟ ಮಾದರಿಯ ನಾಣ್ಯಗಳನ್ನು ಹೊಡೆಯಿಸಿದನೆಂದು ಬರೆಯುತ್ತಾನೆ. ಕರ್ಣಾಟದ ಅರಸ ಪರ್ಮಾಡಿಯ, ಎಂದರೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ, ರಾಣಿ ಚಂದಲದೇವಿಯ ಚಿತ್ರವನ್ನು ನೋಡಿಯೇ ಆತನು ಮರುಳಾದನೆಂದು ಪರಿಹಾಸ್ಯವನ್ನೂ ಮಾಡುತ್ತಾನೆ. ಆದೇ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದು ‘ವಿಕ್ರಮಾಂಕದೇವಚರಿತ’ವನ್ನು ಬರೆದವನು ಬಿಲ್ಹಣ. ಅವರ ಕಾಲದಲ್ಲಿ ಕರ್ಣಾಟವೆಂದರೆ ಉತ್ತರದವರ ಕಣ್ಣಿಗೆ ಒಂದು ವೈಭವ, ಒಂದು ಫ್ಯಾಷನ್ನು.

ಮಹಾರಾಷ್ಟ್ರದ ಜ್ಞಾನೇಶ್ವರರು ಪಂಢರಾಪುರದ ವಿಠ್ಠಲನನ್ನು ‘ಕಾನಡಾ’ ಎಂದೂ ‘ಕರ್ನಾಟಕು’ ಎಂದೂ ಕರೆದಿರುವುದು ಪ್ರಸಿದ್ಧವೇ. ವಿಠ್ಠಲನು ಕನ್ನಡಿಗನೆಂದು ಕೆಲವರು ಅರ್ಥೈಸಿದರೆ, ತಿಳಿಯಲಶಕ್ಯನಾದ, ಲೀಲೆಯಾಡುವ ದೇವನೆಂದು ಬೇರೆ ಕೆಲವರು ಅರ್ಥೈಸುತ್ತಾರೆ. ನೆರೆಯವರ ಭಾಷೆ ತಿಳಿಯದಾಗ ಆ ಭಾಷೆಯ ಹೆಸರೇ ‘ತಿಳಿಯದ್ದು’ ಎಂಬ ಅರ್ಥವನ್ನು ಪಡೆಯುವುದು ಲೋಕದಲ್ಲೆಲ್ಲ ಕಂಡುಬರುವ ಸಂಗತಿ.

ಸಾಮ್ರಾಜ್ಯದ ನಾಮ

ವಿಜಯನಗರವೆಂಬುದು ಪಟ್ಟಣದ ಹೆಸರು. ಅದರ ಅರಸರ ರಾಜ್ಯವನ್ನು ಅಂದಿನವರು ‘ಕರ್ಣಾಟ’ವೆಂದು ಕರೆಯುತ್ತಿದ್ದರು. 14ನೆಯ ಶತಮಾನದಿಂದ ಮೊದಲುಗೊಂಡು ಆ ರಾಜ್ಯವು ಕನ್ನಡ, ತೆಲುಗು, ತಮಿಳು, ತುಳು, ಕೊಂಕಣಿ ಜನರೆಲ್ಲರನ್ನೂ ಒಳಗೊಂಡಿದ್ದರಿಂದ ಹೆಸರಿನ ಅರ್ಥವೂ ಹಿಗ್ಗಿತು. ಭಾಷೆಯ ನಾಡಾಗಿದ್ದ ಕರ್ಣಾಟವು ಈಗ ಬಹುಭಾಷೆಗಳ ಸಾಮ್ರಾಜ್ಯವಾಯಿತು. ಬಾರಕೂರು, ಮಂಗಳೂರು ರಾಜ್ಯಗಳೆಂಬ ವಿಭಾಗಗಳ ಮೂಲಕ ನಮ್ಮ ಕರಾವಳಿಯೂ ಅದರಲ್ಲಿ ಸೇರಿತ್ತು.

ಹೆಸರು ಹಿಗ್ಗಿದುದಕ್ಕೆ ಎರಡು ಸಾಕ್ಷ್ಯಗಳು ತೆಲುಗಿನಲ್ಲಿಯೇ ಇವೆ. ಮಹಾಕವಿ ಶ್ರೀನಾಥನು ತನ್ನ ಭೀಮೇಶ್ವರ ಪುರಾಣದಲ್ಲಿ, ತನ್ನ ಕವಿತೆಯನ್ನು ಕೆಲವರು ಸಂಸ್ಕೃತವೆಂದಾರು, ಕೆಲವರು ತೆಲುಗೆಂದಾರು, ಯಾರೇನೆಂದರೂ ಅದು ನಿಜಕ್ಕೂ ಕರ್ಣಾಟ ಭಾಷೆಯೇ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಕೃಷ್ಣದೇವರಾಯನು (ಆಳಿಕೆ 1509–1529) ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದದಲ್ಲಿ ದೇವರೇ ಕವಿಯನ್ನು ‘ಕನ್ನಡ ರಾಯ’ನೆಂದು ಸಂಬೋಧಿಸುತ್ತಾನೆ. ಶ್ರೀನಾಥನು ಕನ್ನಡ ಕವಿಯೆಂದಾಗಲಿ ಕೃಷ್ಣದೇವರಾಯನು ತೆಲುಗನ್ನು ಕೀಳಾಗಿ ಕಂಡನೆಂದಾಗಲಿ ಇದರಿಂದ ಸಾಧಿಸಲು ಹೊರಡುವುದು ವ್ಯರ್ಥ ವಾದ. ಆ ಕಾಲದಲ್ಲಿ ಹೆಸರು ಎರಡು ಭಾಷೆಗಳ ನಡುವೆ ಗೋಡೆಯಾಗಿರಲಿಲ್ಲ ಎಂಬಷ್ಟೇ ಇದರ ತಾತ್ಪರ್ಯ.

ಪೂರ್ವ ಕರಾವಳಿಗೆ ಜಾರಿದ ಕಥೆ

ವಿದ್ಯಾರ್ಥಿಗಳಿಗೆ ಅತಿಯಾದ ಗೊಂದಲವನ್ನುಂಟುಮಾಡುವ ಭಾಗವಿದು. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

1565ರ ರಕ್ಕಸತಂಗಡಿಯ ಕಾಳಗದ ಬಳಿಕ ಹಂಪೆ ಹಾಳಾಯಿತು. ಅರಸರು ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ, ಮುಂದೆ ವೇಲೂರಿಗೆ ಸರಿದರು. ಈ ಚಂದ್ರಗಿರಿ ತಿರುಪತಿಯ ಸಮೀಪದ್ದು. ನಮ್ಮ ಕಾಸರಗೋಡಿನ ಚಂದ್ರಗಿರಿಯಲ್ಲ. ಅರಸರು ಸರಿದಂತೆ ‘ಕರ್ಣಾಟ’ವೆಂಬ ರಾಜ್ಯನಾಮವೂ ಅವರೊಡನೆ ತಮಿಳು ತೆಲುಗು ಸೀಮೆಗಳಿಗೆ ಸರಿಯಿತು. ಮೂಲದ ಕನ್ನಡ ನೆಲ ಹಿಂದೆ ಉಳಿಯಿತು. ಹೆಸರು ಮುಂದೆ ಹೋಯಿತು.

ಬಳಿಕ ವಿಜಾಪುರ ಮತ್ತು ಗೋಲ್ಕೊಂಡದ ಸುಲ್ತಾನರು ಆ ಅಳಿದುಳಿದ ರಾಜ್ಯವನ್ನು ಹಂಚಿಕೊಂಡರು. ಔರಂಗಜೇಬನು 1686ರಲ್ಲಿ ವಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದಾಗ ಮೊಗಲ ಅಧಿಕಾರಿಗಳು ವಿಜಾಪುರದವರು ಗೆದ್ದುಕೊಂಡಿದ್ದ ಭಾಗಕ್ಕೆ ‘ವಿಜಾಪುರ ಕರ್ನಾಟಕ’ವೆಂದೂ ಗೋಲ್ಕೊಂಡದವರು ಗೆದ್ದುಕೊಂಡಿದ್ದ ಭಾಗಕ್ಕೆ ‘ಹೈದರಾಬಾದ್ ಕರ್ನಾಟಕ’ವೆಂದೂ ಹೆಸರಿಟ್ಟರು. ಘಟ್ಟದ ಮೇಲಿನದು ಬಾಲಾಘಾಟು, ಕೆಳಗಿನದು ಪಾಯನ್‌ಘಾಟು. ಹೈದರಾಬಾದ್ ಕರ್ನಾಟಕದ ಪಾಯನ್‌ಘಾಟೆಂದರೆ ಪೂರ್ವ ಕರಾವಳಿಯ ಬಯಲು. ಅಲ್ಲಿ ಆರ್ಕಾಡಿನ ನವಾಬನು ಅಧಿಕಾರಕ್ಕೆ ಬಂದನು. ಕಾಲಕ್ರಮದಲ್ಲಿ ವಿಶೇಷಣಗಳೆಲ್ಲ ಉದುರಿ ಬರಿಯ ‘ಕರ್ನಾಟಕ’ವೆಂಬುದೇ ಅವನ ರಾಜ್ಯದ ಹೆಸರಾಗಿ ಉಳಿಯಿತು. ಮದರಾಸಿನ ಇಂಗ್ಲಿಷ್ ವರ್ತಕರು ಅದನ್ನು ‘ಕರ್ನಾಟಿಕ್’ ಎಂದು ಬರೆದರು.

1746ರಿಂದ 1763ರವರೆಗೆ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಮೂರು ಕರ್ನಾಟಿಕ್ ಯುದ್ಧಗಳ ರಣರಂಗಗಳು ಯಾವುವೆಂಬುದನ್ನು ಭೂಪಟದಲ್ಲಿ ತೋರಿಸಿದರೆ ವಿಷಯವು ತಾನೇ ಸ್ಪಷ್ಟವಾಗುತ್ತದೆ: ಮದರಾಸು, ಪಾಂಡಿಚೇರಿ, ಆರ್ಕಾಡು, ತಿರುಚಿನಾಪಳ್ಳಿ, ವಾಂದಿವಾಶ್. ಎರಡನೆಯ ಯುದ್ಧದ ಕಾಲದಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನು ತಿರುಚಿನಾಪಳ್ಳಿಯ ಆಸೆಯಿಂದ ಸೈನ್ಯವನ್ನು ತೆಗೆದುಕೊಂಡು ಅಲ್ಲಿಗೆ ಹೋದನು. 1780ರಲ್ಲಿ ಹೈದರಾಲಿಯೂ ಆ ಬಯಲಿಗೆ ದಂಡೆತ್ತಿ ಹೋದನು. ಇಂಗ್ಲಿಷರ ದಾಖಲೆಗಳ ಭಾಷೆಯಲ್ಲಿ ಮೈಸೂರಿನವರು ‘ಕರ್ನಾಟಿಕ್’ನ ಮೇಲೆ ದಾಳಿಯಿಟ್ಟ ಹೊರಗಿನವರು! ಕನ್ನಡ ದೊರೆತನವು ಕರ್ಣಾಟಕಕ್ಕೆ ಹೊರಗಿನದಾಯಿತು ಎಂಬ ಈ ವಿಪರ್ಯಾಸವನ್ನು ಕಾಲವನ್ನು ಗಮನಿಸದೆ ಬಿಡಿಸಲು ಸಾಧ್ಯವೇ ಇಲ್ಲ.

1801ರಲ್ಲಿ ಕಂಪೆನಿಯವರು ಆರ್ಕಾಡಿನ ರಾಜ್ಯಾಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1855ರಲ್ಲಿ ನವಾಬಗಿರಿಯ ಬಿರುದೂ ಮುಗಿಯಿತು. ಆದರೆ ಹೆಸರು ಸಾಯಲಿಲ್ಲ. ಮದರಾಸಿನ ಕಾಲ್ದಳಗಳಿಗೆ ಆ ಹೆಸರು ಬಂತು. ಆ ಹೆಸರಿನ ಹಡಗೊಂದು 1869ರಲ್ಲಿ ಕೆಂಪು ಸಮುದ್ರದಲ್ಲಿ ಮುಳುಗಿತು. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡುವ ತನ್ನ ಕಥೆಯಲ್ಲಿ ಹಾಂಗ್‌ಕಾಂಗಿನಿಂದ ಯೋಕೊಹಾಮಕ್ಕೆ ಹೋಗುವ ಹಡಗಿಗೆ ಅದೇ ಹೆಸರನ್ನು ಇಟ್ಟಿದ್ದಾನೆ.

ಸಂಗೀತದಲ್ಲಿ, ಆಡುಮಾತಿನಲ್ಲಿ

ದಕ್ಷಿಣಾದಿ ಸಂಗೀತಕ್ಕೆ ‘ಕರ್ಣಾಟಕ ಸಂಗೀತ’ವೆಂಬ ಹೆಸರು ನವಾಬನಿಂದ ಬಂದುದಲ್ಲ, ಅದಕ್ಕಿಂತ ಬಹಳ ಹಳೆಯದು. 14ನೆಯ ಶತಮಾನದ ಹರಿಪಾಲನ ‘ಸಂಗೀತ ಸುಧಾಕರ’ದಲ್ಲಿಯೇ ಹಿಂದೂಸ್ಥಾನೀ, ಕರ್ಣಾಟಕ ಎಂಬ ಭೇದವು ಕಾಣುವುದೆಂದು ಸಂಗೀತ ಚರಿತ್ರಕಾರರು ಹೇಳುತ್ತಾರೆ. ಪಾಠಕ್ರಮವನ್ನು ಹಾಕಿಕೊಟ್ಟ ಪಿತಾಮಹರೆಂದು ಪುರಂದರದಾಸರು (1484–1564) ಪೂಜ್ಯರು. ಆದರೆ ಈ ಪದ್ಧತಿಯನ್ನು ಶಿಖರಕ್ಕೇರಿಸಿದ ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾಶಾಸ್ತ್ರಿಗಳೆಂಬ ಮೂವರೂ ತಂಜಾವೂರು ಸೀಮೆಯ ತಿರುವಾರೂರಿನಲ್ಲಿ ಹುಟ್ಟಿದವರು. ಅವರ ಕೃತಿಗಳು ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಉತ್ತರದ ಪದ್ಧತಿಯಲ್ಲಿ ದರ್ಬಾರಿ ಕಾನಡಾ ಮೊದಲಾಗಿ ‘ಕಾನಡಾ’ ಪ್ರಕಾರಗಳು ಕರ್ಣಾಟದ ನೆನಪನ್ನು ಉಳಿಸಿಕೊಂಡಿವೆ. ಒಂದೇ ಹೆಸರು ದಕ್ಷಿಣದಲ್ಲಿ ಇಡೀ ಪದ್ಧತಿಗೆ, ಉತ್ತರದಲ್ಲಿ ಒಂದು ರಾಗಕುಟುಂಬಕ್ಕೆ ಸಂದಿದೆ.

ತಮಿಳಿನ ಆಡುಮಾತಿನಲ್ಲಿ ಇನ್ನೊಂದು ವಿನೋದವಿದೆ. ಹೊಸ ಕಾಲಕ್ಕೆ ಒಗ್ಗದ, ಹಳೆಯ ಸಂಪ್ರದಾಯಕ್ಕೆ ಅಂಟಿಕೊಂಡ ವ್ಯಕ್ತಿಯನ್ನು ತಮಿಳರು ‘ಕರ್ನಾಟಕಂ’ ಎನ್ನುವುದುಂಟು. ಪ್ರಸಿದ್ಧ ಲೇಖಕ ಕಲ್ಕಿಯವರು ಸಂಗೀತ ವಿಮರ್ಶೆಗಳಿಗೆ ಇದೇ ಪದವನ್ನು ಅಂಕಿತನಾಮವಾಗಿ ಇಟ್ಟುಕೊಂಡಿದ್ದರು. ಕಲ್ಹಣನ ಕಾಲದ ಕಾಶ್ಮೀರದಲ್ಲಿ ಹೊಸ ಫ್ಯಾಷನ್ನಿನ ಗುರುತಾಗಿದ್ದ ಪದವು ಮದರಾಸಿನಲ್ಲಿ ಹಳೆಯ ಕಾಲದವನೆಂಬ ಅರ್ಥಕ್ಕೆ ಬಂದು ನಿಂತಿತು.

ನಮ್ಮ ಕರಾವಳಿಯಲ್ಲಿ

ಇನ್ನು ಪಶ್ಚಿಮಕ್ಕೆ ಬರೋಣ. ಗೋವೆಗೆ ಬಂದ ಪೋರ್ತುಗೀಸರು ಅಲ್ಲಿಯ ಸ್ಥಳಿಕರನ್ನು ‘ಕನಾರಿಂ’ ಎಂದು ಕರೆದರು. ಅವರ ಭಾಷೆಯನ್ನೂ ಹಾಗೆಯೇ ಕರೆದರು. ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದು, ಅವರ ಮರಣಾನಂತರ 1640ರಲ್ಲಿ ರಾಶೋಲಿನಲ್ಲಿ ಅಚ್ಚಾದ ವ್ಯಾಕರಣದ ಹೆಸರು ‘ಆರ್ತೆ ದ ಲಿಂಗ್ವಾ ಕನಾರಿಂ’. ಹೆಸರನ್ನು ನೋಡಿ ಅದನ್ನು ಕನ್ನಡ ವ್ಯಾಕರಣವೆಂದು ಎಣಿಸುವಂತಿಲ್ಲ. ಅದು ಕೊಂಕಣಿಯ ವ್ಯಾಕರಣ.

ಗೋವೆಯ ದಕ್ಷಿಣದ ಕರಾವಳಿಯು ಕೆಳದಿ ನಾಯಕರ ಅಧೀನವಾಗಿದ್ದಾಗ ಪಾಶ್ಚಾತ್ಯರು ಅದನ್ನು ‘ಕೆನರಾ’ ಎಂದರು. ತುಳು ಬಹುಜನರ ಮನೆಮಾತಾಗಿರುವ ನೆಲಕ್ಕೆ ಆಳುವವರ ಭಾಷೆಯಿಂದ ಬಂದ ಹೆಸರು ಇದು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಇಂಗ್ಲಿಷರು ಈ ಕರಾವಳಿಯನ್ನು ಕೆನರಾ ಜಿಲ್ಲೆಯಾಗಿ ಮಾಡಿ ಥಾಮಸ್ ಮನ್ರೋನನ್ನು ಕಲೆಕ್ಟರನಾಗಿ ಕಳುಹಿಸಿದರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕೆನರಾ ಮದರಾಸಿನಲ್ಲಿ ಉಳಿಯಿತು. ಹಿಂದೆ ಬೇಕಲ ತಾಲೂಕೆನಿಸಿದ್ದ ನಮ್ಮ ಕಾಸರಗೋಡು ತಾಲೂಕು ಅದರ ದಕ್ಷಿಣದ ತುದಿ. ಜನರ ಬಾಯಲ್ಲಿ ಅದು ‘ಕನ್ನಡ ಜಿಲ್ಲೆ’. ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ ಮಾತುಗಳನ್ನು ಮನೆಯಲ್ಲಾಡುವವರು ಕೂಡ ಶಾಲೆಗೆ, ಕಚೇರಿಗೆ, ಯಕ್ಷಗಾನದ ಬಯಲಿಗೆ ಬಂದಾಗ ಕನ್ನಡವನ್ನು ಬಳಸಿದರು. ‘ಕನ್ನಡ ಜಿಲ್ಲೆ’ ಎಂಬುದರಲ್ಲಿ ಕನ್ನಡವು ಮನೆಮಾತಿನ ಲೆಕ್ಕವನ್ನು ಹೇಳುವುದಿಲ್ಲ. ಜನರು ಕೂಡುವ ಅಂಗಳವನ್ನು ಹೇಳುತ್ತದೆ.

ಸಂಸ್ಥೆಗಳ ಹೆಸರುಗಳಲ್ಲಿಯೂ ಈ ಚರಿತ್ರೆ ಉಳಿದಿದೆ. ಮಂಗಳೂರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲು, 1906ರಲ್ಲಿ ಅಮ್ಮೆಂಬಳ ಸುಬ್ಬರಾಯ ಪೈಗಳ ಪ್ರಯತ್ನದಿಂದ ಮುಂದೆ ಕೆನರಾ ಬ್ಯಾಂಕಾದ ನಿಧಿ, 1924ರಲ್ಲಿ ಕರ್ಣಾಟಕ ಬ್ಯಾಂಕು ಸ್ಥಾಪಿತವಾದುವು. ಒಂದೇ ಮೂಲದ ಎರಡು ರೂಪಗಳು ಒಂದೇ ಪಟ್ಟಣದ ಬೀದಿಯಲ್ಲಿ ಎರಡು ಫಲಕಗಳಾದುವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇಂಗ್ಲಿಷರ ‘ಕ್ಯಾನರೀಸ್’ ಎಂಬ ರೂಢಿಯನ್ನು ಬಿಟ್ಟು ‘ಕನ್ನಡ’ವೆಂಬ ಹೆಸರನ್ನೇ ತಲೆಬರಹದಲ್ಲಿ ಇಟ್ಟುಕೊಂಡುದು ಇಲ್ಲಿ ಸ್ಮರಣೀಯ.

ಮರಳಿ ಬಂದ ಹೆಸರು

ಹೀಗೆ ಹಲವು ಕಡೆ ಹಂಚಿಹೋದ ಹೆಸರನ್ನು ಕನ್ನಡಿಗರು ಮರಳಿ ತಮ್ಮ ಮನೆಗೆ ಕರೆತಂದುದು ಅಂಗಳದ ಬಾಗಿಲಿನಿಂದಲೇ ಹೊರತು ಅರಮನೆಯ ಬಾಗಿಲಿನಿಂದಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಹುಟ್ಟಿತು. 1938ರಲ್ಲಿ ಅದು ಕನ್ನಡ ಸಾಹಿತ್ಯ ಪರಿಷತ್ತೆಂದು ಹೆಸರನ್ನು ಬದಲಾಯಿಸಿಕೊಂಡಿತು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. 1948ರಲ್ಲಿ ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಮ್ಮ ಕಾಸರಗೋಡಿನಲ್ಲಿ ಸೇರಿತು. 1949ರಲ್ಲಿ ಮುಂಬಯಿ ಪ್ರಾಂತದ ಕನ್ನಡಿಗರಿಗಾಗಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಆ ಹೆಸರಿನ ರಾಜ್ಯವೊಂದು ಇರದ ಕಾಲದಲ್ಲಿ ಸಂಘ, ಪರಿಷತ್ತು, ಬ್ಯಾಂಕು, ವಿಶ್ವವಿದ್ಯಾಲಯಗಳು ಆ ಹೆಸರನ್ನು ಹೊತ್ತು ನಿಂತುವು.

1956ನೆಯ ನವಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ಪ್ರದೇಶಗಳು ಒಂದಾದುವು. ಆದರೆ ಹೊಸ ರಾಜ್ಯದ ಹೆಸರು ಮೈಸೂರು. ಅದೇ ದಿನ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ಸಲ್ಲಿಸಿದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಸೂಚಿಸಿತ್ತು. ಅದು ಆಚರಣೆಗೆ ಬರಲಿಲ್ಲ. ಮೈಸೂರು ರಾಜ್ಯವು ‘ಕರ್ನಾಟಕ’ವಾದುದು 1973ನೆಯ ನವಂಬರ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಹೆಸರಿನ ಸಂಚಾರವು ಇನ್ನೂ ನಿಂತಿಲ್ಲ. ಮೊಗಲರ ‘ಹೈದರಾಬಾದ್ ಕರ್ನಾಟಕ’ವು ಆರ್ಕಾಡಿನ ಕಡೆಯದಾಗಿತ್ತಷ್ಟೆ. 20ನೆಯ ಶತಮಾನದಲ್ಲಿ ಅದೇ ಸಮಸ್ತಪದವು ನಿಜಾಮನ ರಾಜ್ಯದಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರು ಕಡೆಗಳಿಗೆ ಸಂದಿತು. ಪದ ಒಂದೇ, ನೆಲ ಮಾತ್ರ ಪೂರಾ ಬೇರೆ. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂದೂ 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದೂ ಹೊಸ ಹೆಸರುಗಳು ಬಂದಿವೆ.

ತರಗತಿಯಲ್ಲಿ ಏನು ಮಾಡಬೇಕು?

ಈ ವಿವರಗಳನ್ನೆಲ್ಲ ಮಕ್ಕಳ ತಲೆಗೆ ತುಂಬಬೇಕೆಂದು ನಾವು ಹೇಳುವುದಿಲ್ಲ. ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಾಡಿಸಿದರೆ ಸಾಕು. ಹೆಸರನ್ನು ಹೇಳಿದವರು ಯಾರು? ಹೇಳಿದ ಕಾಲ ಯಾವುದು? ಹೇಳಿದುದು ನೆಲವನ್ನೋ, ಜನವನ್ನೋ, ಭಾಷೆಯನ್ನೋ, ಅರಸೊತ್ತಿಗೆಯನ್ನೋ? ಈ ಮೂರು ಪ್ರಶ್ನೆಗಳು ಇದ್ದಲ್ಲಿ ಎರಡು ಬಗೆಯ ಭ್ರಾಂತಿಗಳು ದೂರವಾಗುತ್ತವೆ. ಕರ್ಣಾಟಕವೆಂಬ ಹೆಸರು ಎಲ್ಲೆಲ್ಲಿ ಕಂಡರೂ ಅದು ನಮ್ಮದೇ ಎಂದು ಎದೆಯುಬ್ಬಿಸುವುದು ಮೊದಲನೆಯ ಭ್ರಾಂತಿ. ಆರ್ಕಾಡಿನ ನವಾಬನನ್ನು ಕನ್ನಡ ದೊರೆಯೆಂದು ಉತ್ತರಪತ್ರಿಕೆಯಲ್ಲಿ ಬರೆಯುವ ವಿದ್ಯಾರ್ಥಿ ಇದರ ಫಲ. ಇಂದಿನ ರಾಜ್ಯದ ಎಲ್ಲೆಯ ಹೊರಗಿರುವವರಿಗೆ ಆ ಹೆಸರಿನಲ್ಲಿ ಏನೂ ಪಾಲಿಲ್ಲವೆಂದು ತಿಳಿಯುವುದು ಎರಡನೆಯದು. ನಮ್ಮ ಮಕ್ಕಳು ತಮ್ಮ ಭಾಷೆಯನ್ನು ಎರವಲೆಂದು ಎಣಿಸುವಂತಾಗುವುದು ಇದರ ಫಲ. ಎರಡನೆಯದು ಹೆಚ್ಚು ಹಾನಿಕರ. ಮೊದಲನೆಯದರಲ್ಲಿ ಅಂಕ ಹೋಗುತ್ತದೆ. ಎರಡನೆಯದರಲ್ಲಿ ಮನಸ್ಸು ಕುಗ್ಗುತ್ತದೆ.

ಇದಕ್ಕೆ ಸುಲಭವಾದ ಒಂದು ಪ್ರಯೋಗವಿದೆ. ದಕ್ಷಿಣ ಭಾರತದ ಭೂಪಟದಲ್ಲಿ ಅಡೂರಿಗೆ ಒಂದು ಚುಕ್ಕೆಯನ್ನು ಇಡಿಸಬೇಕು. ಐದು ತೆಳುಗಾಗದಗಳ ಮೇಲೆ ಐದು ಕಾಲಗಳ ಎಲ್ಲೆಗಳನ್ನು ಬರೆಯಿಸಿ ಒಂದೊಂದನ್ನಾಗಿ ಭೂಪಟದ ಮೇಲೆ ಇಡಿಸಬೇಕು. ಕವಿರಾಜಮಾರ್ಗದ ಕಾಗದವನ್ನಿಟ್ಟರೆ, ಕಾವೇರಿ ಹುಟ್ಟುವ ಕೊಡಗಿನ ಘಟ್ಟವು ನಮ್ಮ ಮೂಡಣ ಬಾಗಿಲಲ್ಲಿಯೇ ಇದೆ. ಚುಕ್ಕೆಯು ಎಲ್ಲೆಯ ಅಂಚಿನಲ್ಲಿ. ವಿಜಯನಗರದ ಕರ್ಣಾಟವನ್ನಿಟ್ಟರೆ ಚುಕ್ಕೆ ಒಳಗೆ. ಆರ್ಕಾಡಿನ ಕರ್ನಾಟಿಕ್ ಅನ್ನಿಟ್ಟರೆ ಹೊರಗೆ, ಬಹುದೂರ. 1799ರ ಕೆನರಾ ಜಿಲ್ಲೆಯನ್ನಿಟ್ಟರೆ ಮತ್ತೆ ಒಳಗೆ. 1973ರ ಕರ್ನಾಟಕ ರಾಜ್ಯವನ್ನಿಟ್ಟರೆ ಹೊರಗೆ, ಆದರೆ ಗಡಿಗೆ ಕೂಗಳತೆಯಲ್ಲಿ. ಐದು ಕಾಗದಗಳು ಬದಲಾದುವು. ಚುಕ್ಕೆ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಪಯಸ್ವಿನಿಯೂ ತನ್ನ ಪಾಡಿಗೆ ಹರಿಯುತ್ತಿದೆ.

ಸರಕಾರಗಳು ಎಳೆಯುವ ಗೆರೆಗಳಿಗೆ ಪ್ರಜೆಗಳು ಗೌರವ ಕೊಡಬೇಕಾದುದು ನ್ಯಾಯ. ಅದರೊಡನೆ, ಆ ಗೆರೆಗಳು ಈಚಿನವು, ಹೆಸರು ಅವುಗಳಿಗಿಂತ ಹಿರಿದು, ನುಡಿ ಹೆಸರಿಗಿಂತಲೂ ಹಿರಿದು ಎಂಬುದನ್ನು ವಿದ್ಯಾರ್ಥಿಯು ಅರಿಯಬೇಕು. ಮಿಥಿಲೆಯ ಕರ್ಣಾಟರು ಮೈಥಿಲಿಗೆ ಮನ್ನಣೆ ಕೊಟ್ಟಂತೆ ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಲಿ, ಮನೆಯ ತುಳುವನ್ನೂ ಮರಾಟಿಯನ್ನೂ ಕೈಬಿಡದಿರಲಿ. ಶಾಲೆಯ ಅಂಗಳದಲ್ಲಿ ಕನ್ನಡವು ಎರವಲಿನ ವಸ್ತುವಲ್ಲವೆಂಬ ಧೈರ್ಯವಿರಲಿ. ಆ ಧೈರ್ಯವನ್ನು ಕೊಡಬೇಕಾದುದು ಘೋಷಣೆಯಿಂದಲ್ಲ, ಚೆನ್ನಾಗಿ ಮಾಡಿದ ಪಾಠದಿಂದ. ಮುಂದಿನ ವರ್ಷ ಚರಿತ್ರೆಯ ಪುಸ್ತಕದಲ್ಲಿ ಕರ್ನಾಟಿಕ್ ಯುದ್ಧಗಳ ಪುಟವನ್ನು ತೆರೆಯುವಾಗ ಉಪಾಧ್ಯಾಯ ಬಂಧುಗಳು ಐದು ತೆಳುಗಾಗದಗಳನ್ನೂ ಒಂದು ಪೆನ್ಸಿಲನ್ನೂ ತರಗತಿಗೆ ಒಯ್ಯಬೇಕೆಂದು ನಮ್ಮ ವಿನಂತಿ.